ಒಂಟಿಚಕ್ರದ ಸೈಕಲ್ ಕಲಿಯುವವರಿಗೆ

ಒಂಟಿಚಕ್ರದ ಸೈಕಲ್ಲಿಗೆ ಫ್ರೀವೀಲ್ (ತುಳಿಯುವುದು ನಿಲ್ಲಿಸಿದರೂ ಚಕ್ರ ಓಡಲು ಬಿಡುವ ಭಾಗ) ಇಲ್ಲ, ಚೈನೂ ಇಲ್ಲ. ಪೆಡಲ್ ಹಿಡಿದಿರುವ ತೋಳು, ಅಂದರೆ ಕ್ರ್ಯಾಂಕ್, ನೇರವಾಗಿ ಚಕ್ರದ ನಡುವಿನ ಹಬ್‌ಗೇ ಕೂತಿರುತ್ತದೆ. ಪೆಡಲ್ ನಿಂತರೆ ಚಕ್ರ ನಿಂತಿತು. ಚಕ್ರ ಉರುಳಿದರೆ ಕಾಲು ಅದರ ಜೊತೆ ಸುತ್ತಲೇಬೇಕು. ಹಾಗಾಗಿ ಎರಡು ಚಕ್ರದ ಸೈಕಲ್ಲನ್ನು ಕೈಬಿಟ್ಟು ಓಡಿಸುವವರೂ ಇಲ್ಲಿ ಮೊದಲಿನಿಂದ ಶುರುಮಾಡಬೇಕಾಗುತ್ತದೆ. ಕಲಿಯುವವರನ್ನು ಅತಿ ಹೆಚ್ಚು ಕಾಡುವ ತಪ್ಪು ಒಂದೇ: ಭಾರವನ್ನೆಲ್ಲ ಪೆಡಲ್ ಮೇಲೆ ಹಾಕಿ ನಿಲ್ಲುವುದು. ಭಾರ ಸೀಟಿನ ಮೇಲಿರಬೇಕು. ಕಾಲಿನ ಕೆಲಸ ಚಕ್ರ ತಿರುಗಿಸುವುದಷ್ಟೇ.

ದೊಡ್ಡವರಿಗೂ ಹೈಸ್ಕೂಲ್ ಮಕ್ಕಳಿಗೂ 20 ಇಂಚಿನ ಚಕ್ರ ಸರಿ. ಚಿಕ್ಕ ಮಕ್ಕಳಿಗೆ 16 ಇಂಚು. 24 ಇಂಚಿನದು ದೂರ ಓಡಿಸಲು ಚೆನ್ನ, ಕಲಿಯಲು ತುಸು ಭಾರಿ. ಕ್ರ್ಯಾಂಕ್ ಸುಮಾರು 125 ಮಿ.ಮೀ. ಉದ್ದವಿದ್ದರೆ ಚಕ್ರ ಹಿಡಿತಕ್ಕೆ ಸಿಗುತ್ತದೆ. ಪೆಡಲ್ ಪ್ಲಾಸ್ಟಿಕ್ಕಿನದಿರಲಿ, ಮೊಳೆಗಳಿರುವ ಲೋಹದ ಪೆಡಲ್ ಮೊಣಕಾಲ ಕೆಳಗಿನ ಮೂಳೆಗೆ ಬಡಿದರೆ ಚರ್ಮ ಕಿತ್ತು ಬರುತ್ತದೆ.

ಜೋಡಿಸುವಾಗ ಪೆಡಲ್, ಕ್ರ್ಯಾಂಕ್‌ಗಳ ಮೇಲಿನ ಎಲ್ (ಎಡ), ಆರ್ (ಬಲ) ಗುರುತು ನೋಡಿಕೊಳ್ಳಿ. ಎಡ ಪೆಡಲಿನ ಥ್ರೆಡ್ (ತಿರುಪಿನ ಸುತ್ತು) ಉಲ್ಟಾ. ಚಕ್ರವನ್ನು ಹಿಂದುಮುಂದಾಗಿ ಕೂರಿಸಿದರೆ ಓಡಿಸಿದಷ್ಟೂ ಪೆಡಲ್ ಸಡಿಲವಾಗುತ್ತಾ ಹೋಗಿ ಕೊನೆಗೆ ಕ್ರ್ಯಾಂಕಿನ ಥ್ರೆಡ್ಡೇ ಹಾಳಾಗುತ್ತದೆ. ಸೀಟಿನ ಎತ್ತರ ಹೊಂದಿಸಲು ಗೋಡೆ ಹಿಡಿದು ಕೂತು, ಪೂರ್ತಿ ಕೆಳಗಿರುವ ಪೆಡಲಿನ ಮೇಲೆ ಹಿಮ್ಮಡಿ ಇಡಿ, ಮಂಡಿ ನೆಟ್ಟಗಾಗಬೇಕು. ಭಯಕ್ಕೆ ಸೀಟು ತಗ್ಗಿಸಿಕೊಂಡವರ ತೊಡೆ ಬೇಗ ಸೋಲುತ್ತದೆ, ಭಾರವೂ ತಾನಾಗಿ ಕಾಲಿಗೆ ಇಳಿಯುತ್ತದೆ. ಟಯರಿಗೆ ಗಾಳಿ ಕಡಿಮೆಯಿದ್ದರೆ ಚಕ್ರ ನೆಲಕ್ಕೆ ಅಂಟಿ ತಿರುಗಲು ಒಪ್ಪುವುದಿಲ್ಲ, ಬೆರಳಲ್ಲಿ ಒತ್ತಿದರೆ ಗಟ್ಟಿಯಾಗಿರಬೇಕು.

ಹೆಲ್ಮೆಟ್, ಮಣಿಕಟ್ಟಿನ ಗಾರ್ಡ್, ಮಂಡಿಯ ಪ್ಯಾಡ್ ಹಾಕಿಕೊಳ್ಳಿ. ಬೀಳುವಾಗ ಎಲ್ಲರೂ ಕೈಯೂರುವುದರಿಂದ ಮಣಿಕಟ್ಟಿಗೆ ಏಟು ಹೆಚ್ಚು. ಶೂ ಲೇಸನ್ನು ಒಳಗೆ ತೂರಿಸಿ. ಜಾಗ ಸಮತಟ್ಟಾದ ಸಿಮೆಂಟ್ ನೆಲವಾಗಿರಲಿ. ಬಿದ್ದರೆ ನೋವಾಗದೆಂದು ಹುಲ್ಲಿನ ಮೈದಾನಕ್ಕೆ ಹೋಗಬೇಡಿ, ಅಲ್ಲಿ ಸಣ್ಣ ಉಬ್ಬುತಗ್ಗೂ ಚಕ್ರವನ್ನು ತಡೆಯುತ್ತದೆ. ಎದೆಮಟ್ಟದ ಕಾಂಪೌಂಡ್ ಗೋಡೆಯೋ ಕಂಬಿಯೋ ಪಕ್ಕದಲ್ಲಿದ್ದರೆ ಸಾಕು.

ಹತ್ತುವುದಕ್ಕಿಂತ ಮೊದಲು ಇಳಿಯುವುದು ಕಲಿಯಿರಿ. ಕೆಳಗಿರುವ ಪೆಡಲಿಗೆ ಭಾರ ಕೊಟ್ಟು, ಒಂದು ಕೈಯಲ್ಲಿ ಸೀಟಿನ ಮುಂಭಾಗ ಹಿಡಿದು, ಮೇಲಿನ ಕಾಲನ್ನು ಹಿಂದಕ್ಕೆ ನೆಲಕ್ಕೆ ಇಡಿ. ಇದು ರೂಢಿಯಾದರೆ ಅರ್ಧ ಹೆದರಿಕೆ ಹೋಗುತ್ತದೆ.

ಹತ್ತಲು ಸೀಟನ್ನು ಕಾಲುಗಳ ನಡುವೆ ಸಿಕ್ಕಿಸಿ, ಚಕ್ರ ಸ್ವಲ್ಪ ಮುಂದಿರಲಿ. ನಿಮ್ಮ ಕಡೆಗಿರುವ ಪೆಡಲ್ ನಡುಮಟ್ಟಕ್ಕಿಂತ ತುಸು ಕೆಳಗಿರಬೇಕು. ಅದರ ಮೇಲೆ ಕಾಲಿಟ್ಟು ಒತ್ತಿದಾಗ ಚಕ್ರ ಹಿಂದಕ್ಕೆ ಉರುಳಿ ನಿಮ್ಮ ಅಡಿಗೆ ಬರುತ್ತದೆ. ಗೋಡೆ ಹಿಡಿದು ಇನ್ನೊಂದು ಕಾಲಿಡಿ. ಆಮೇಲೆ ಎರಡೂ ಪೆಡಲ್ ಒಂದೇ ಮಟ್ಟಕ್ಕೆ ಬರುವಂತೆ ಚಕ್ರ ಸರಿಸಿ. ಒಂದು ಪೆಡಲ್ ಮೇಲೆ, ಒಂದು ಕೆಳಗೆ ನೆಟ್ಟಗೆ ನಿಂತಾಗ ಎಷ್ಟು ತುಳಿದರೂ ಚಕ್ರ ತಿರುಗದು. ಹೊಸಬರು ಸಿಕ್ಕಿಬೀಳುವುದು ಅಲ್ಲೇ.

ಅರ್ಧ ಸುತ್ತು ತುಳಿದು ಪೆಡಲ್ ಮತ್ತೆ ಸಮಮಟ್ಟಕ್ಕೆ ಬಂದಾಗ ನಿಲ್ಲಿಸಿ. ಇನ್ನರ್ಧ. ನಿಲ್ಲದೆ ಒಂದು ಸುತ್ತು ಬಂದ ಮೇಲೆ ಎರಡು. ಬೆನ್ನು ನೆಟ್ಟಗಿರಲಿ, ಸೊಂಟದಲ್ಲಿ ಬಗ್ಗದೆ ಇಡೀ ಮೈ ಕೂದಲೆಳೆಯಷ್ಟು ಮುಂದಕ್ಕೆ ವಾಲಲಿ. ಆ ವಾಲಿಕೆಯನ್ನು ಹಿಡಿಯಲೆಂದೇ ತುಳಿಯುವುದು. ಕಣ್ಣು ಚಕ್ರದ ಮೇಲಲ್ಲ, ಹತ್ತು ಮೀಟರ್ ಆಚೆ. ಜೊತೆಗೆ ಯಾರಾದರೂ ಇದ್ದರೆ ನೀವು ಅವರ ಭುಜ ಹಿಡಿಯಿರಿ, ಅವರು ನಿಮ್ಮನ್ನು ಹಿಡಿಯುವುದು ಬೇಡ. ಹಿಡಿದರೆ ಸಮತೋಲ ಅವರದಾಗುತ್ತದೆ.

ಗೋಡೆಯುದ್ದಕ್ಕೂ ವಾರಗಟ್ಟಲೆ ಓಡಾಡಬೇಡಿ, ಮೈ ಆ ಕಡೆಗೇ ವಾಲುವುದನ್ನು ಕಲಿತುಬಿಡುತ್ತದೆ. ಗೋಡೆಗೆ ಬೆನ್ನು ಮಾಡಿ, ಬಯಲಿನತ್ತ ಹೊರಡಿ. ಎಷ್ಟು ಸುತ್ತು ಬಂತೆಂದು ಸೀಮೆಸುಣ್ಣದಲ್ಲಿ ಗುರುತು ಮಾಡಿ.

ಚಕ್ರ ಮುಂದೆ ಜಾರಿ ನೀವು ಹಿಂದೆ ಬಿದ್ದರೆ, ಮೈ ಹಿಂದೆ ಉಳಿದಿದೆ. ಮುಂದಕ್ಕೆ ಮುಗ್ಗರಿಸಿದರೆ ತುಳಿತ ತಡವಾಗಿದೆ. ಒಂದೊಂದು ತುಳಿತಕ್ಕೂ ಚಕ್ರ ಎಡಬಲ ಹೊರಳುತ್ತಿದ್ದರೆ ಭಾರ ಮತ್ತೆ ಕಾಲಿಗೆ ಬಂದಿದೆ, ಸೀಟಿನಲ್ಲಿ ಗಟ್ಟಿಯಾಗಿ ಕೂರಿ. ಯಾವಾಗಲೂ ಒಂದೇ ಕಡೆಗೆ ಎಳೆಯುತ್ತಿದ್ದರೆ ಮೊದಲು ಸೀಟು ಚಕ್ರಕ್ಕೆ ನೇರವಾಗಿದೆಯೇ ನೋಡಿ. ಪಕ್ಕಕ್ಕೆ ವಾಲಿದಾಗ ಸೊಂಟ ತಿರುಗಿಸಿ ಚಕ್ರವನ್ನು ವಾಲಿದ ಕಡೆಗೇ ತಿರುಗಿಸಬೇಕು. ಎದುರು ದಿಕ್ಕಿಗೆ ಎಳೆದರೆ ಬೀಳುವುದು ಖಚಿತ.

ಸಾಮಾನ್ಯವಾಗಿ 10ರಿಂದ 15 ಗಂಟೆಗಳ ಅಭ್ಯಾಸದಲ್ಲಿ ಒಂದಷ್ಟು ದೂರ ಹೋಗಲು ಬರುತ್ತದೆ. ಒಂದೇ ದಿನ ಮೂರು ಗಂಟೆ ಒದ್ದಾಡುವುದಕ್ಕಿಂತ ದಿನಕ್ಕೆ ಅರ್ಧ ಗಂಟೆ ವಾಸಿ.

ಆಸರೆಯಿಲ್ಲದೆ ಹತ್ತುವುದನ್ನು 50 ಮೀಟರ್ ಓಡಿಸಲು ಬಂದ ಮೇಲೆ ಹಿಡಿಯಿರಿ. ಚಕ್ರ ಹಿಂದೆ ಓಡದಂತೆ ಅದರ ಹಿಂದೆ ಒಂದು ಇಟ್ಟಿಗೆ ಇಡಿ. ಹಿಂದಿನ ಪೆಡಲಿಗೆ ಭಾರ ಕೊಡದೆ, ನೆಲದ ಕಾಲಿನಿಂದಲೇ ಚಿಮ್ಮಿ ಸೀಟಿನ ಮೇಲೆ ಬಂದು ತಕ್ಷಣ ಮುಂದಿನ ಪೆಡಲ್ ತುಳಿಯಬೇಕು. ಅದು ಕೈಗೂಡಿದಾಗ ಇಟ್ಟಿಗೆ ತೆಗೆಯಿರಿ.