ವಾರಿಗೆ ಹೊರಟಿದ್ದೀರಾ? ಮೊದಲು ಚೀಲದ ದಾರಿ ನೋಡಿಕೊಳ್ಳಿ

ವಾರಿ ಅಂದರೆ ಆಷಾಢ ಏಕಾದಶಿಗೆ ಸಂತರ ಪಾದುಕೆ ಇರುವ ಪಾಲಕಿಯ ಜೊತೆ ಪಂಢರಪುರದ ವಿಠೋಬನ ಹತ್ತಿರ ನಡೆದು ಹೋಗುವ ಯಾತ್ರೆ. ಪುಣೆ ಹತ್ತಿರದ ಆಳಂದಿಯಿಂದ ಪಂಢರಪುರಕ್ಕೆ ಸುಮಾರು 250 ಕಿ.ಮೀ. ಹೇಗೆ ನಡೆಯಬೇಕು ಅಂತ ಹೇಳುವವರು ಊರಿಗೆ ಹತ್ತು ಜನ ಸಿಗುತ್ತಾರೆ. ಚೀಲ ಆಳಂದಿಗೆ ಹೇಗೆ ಮುಟ್ಟಿಸಬೇಕು ಅಂತ ಯಾರೂ ಹೇಳುವುದಿಲ್ಲ. ನನಗೂ ಯಾರೂ ಹೇಳಿರಲಿಲ್ಲ. ಹಾಗಾಗಿ ಮೊದಲನೇ ವರ್ಷ ನಾನು ಆಳಂದಿಯಲ್ಲಿದ್ದೆ, ನನ್ನ ಚೀಲ ಕಲಬುರಗಿ ಜಿಲ್ಲೆಯ ಆಳಂದದಲ್ಲಿತ್ತು.

ನಗಬೇಡಿ. ಹುಬ್ಬಳ್ಳಿಯಲ್ಲಿ ಒಂದು ಬಸ್ ಪಾರ್ಸೆಲ್ ಆಫೀಸಿಗೆ ಹೋಗಿ, "ಆಳಂದಿ, ಪುಣೆ ಹತ್ರ" ಅಂತ ಬಾಯಲ್ಲಿ ಹೇಳಿ, ರಸೀದಿಯನ್ನು ಓದದೆ ಮಡಚಿ ಜೇಬಿಗಿಟ್ಟುಕೊಂಡು ಬಂದಿದ್ದೆ. ಅದರಲ್ಲಿ 'ಆಳಂದ' ಅಂತ ಇತ್ತು. ಹದಿನೆಂಟು ದಿನ ಬೇರೆಯವರ ಚಾದರದ ಮೇಲೆ ಮಲಗಿದೆ. ಚೀಲ ನನಗಿಂತ ಮೊದಲೇ ಮನೆಗೆ ವಾಪಸ್ ಬಂದಿತ್ತು.

ಈ ಹೆಸರಿನ ಗೊಂದಲ ಅಲ್ಲಿಗೇ ಮುಗಿಯುವುದಿಲ್ಲ. ಪುಣೆ ಜಿಲ್ಲೆಯಲ್ಲೇ ಇನ್ನೊಂದು ಆಳಂದಿ ಇದೆ, ಅದರ ಹೆಸರು ಚೋರಾಚಿ ಆಳಂದಿ, ಅಂದರೆ ಕಳ್ಳರ ಆಳಂದಿ! ಸಂತ ಜ್ಞಾನೇಶ್ವರರ ಸಮಾಧಿ ಇರುವುದು ಇಂದ್ರಾಯಣಿ ದಂಡೆಯ ದೇವಾಚಿ ಆಳಂದಿಯಲ್ಲಿ, ಅವರ ಪಾಲಕಿ ಹೊರಡುವುದೂ ಅಲ್ಲಿಂದಲೇ. ಪಿನ್ 412105. ಏನೇ ಕಳಿಸಿದರೂ ಈ ಪೂರ್ತಿ ಹೆಸರು ಮತ್ತು ಪಿನ್ ರಸೀದಿ ಮೇಲೆ ಇದೆಯಾ ಅಂತ ಅಲ್ಲೇ ನಿಂತು ಓದಿ. ಇನ್ನು ಸಂತ ತುಕಾರಾಮರ ಪಾಲಕಿಯ ಜೊತೆ ಹೋಗುವವರಾದರೆ ನೀವು ಹೊರಡುವ ಊರು ದೇಹು, ಆಳಂದಿ ಅಲ್ಲವೇ ಅಲ್ಲ. ತಮ್ಮ ಗುಂಪು ಯಾವ ಪಾಲಕಿಯ ಜೊತೆ ಅಂತ ಕೇಳದೆ ಹೊರಟವರನ್ನೂ ನೋಡಿದ್ದೇನೆ.

ಈಗ ಮುಖ್ಯ ವಿಷಯ. ವಾರಿಯಲ್ಲಿ ಚೀಲದ ವಿಳಾಸ ಅಂದರೆ ದಿಂಡಿ. ದಿಂಡಿ ಅಂದರೆ ಒಟ್ಟಿಗೆ ನಡೆಯುವ ಒಂದು ಗುಂಪು. ಸಾಮಾನ್ಯವಾಗಿ ಅದಕ್ಕೆ ತನ್ನದೇ ಟ್ರಕ್ಕು, ನೀರಿನ ಟ್ಯಾಂಕರು, ತಂಬು, ಅಡುಗೆಯವರು ಇರುತ್ತಾರೆ. ಊಟ, ತಂಬು, ಸಾಮಾನು ಸಾಗಿಸುವುದು ಎಲ್ಲ ಸೇರಿ ಒಬ್ಬರಿಗೆ ಇಷ್ಟು ಅಂತ ಮೊದಲೇ ದುಡ್ಡು ಕಟ್ಟಿಸಿಕೊಳ್ಳುತ್ತಾರೆ, ಅದಕ್ಕೆ ಭಿಶಿ ಅನ್ನುತ್ತಾರೆ. ಚೀಲ ಆ ಟ್ರಕ್ಕಿಗೆ ಹತ್ತಿದರೆ ಪಂಢರಪುರದವರೆಗೆ ಚಿಂತೆ ಇಲ್ಲ. ಹಾಗಾಗಿ ಚೀಲವನ್ನು ಆಳಂದಿಗೆ ತಲುಪಿಸಿದರೆ ಅರ್ಧ ಕೆಲಸ ಮಾತ್ರ ಆಯಿತು, ಲಕ್ಷಗಟ್ಟಲೆ ಜನರ ನಡುವೆ ನಿಮ್ಮ ಟ್ರಕ್ಕು ಹುಡುಕುವುದು ಇನ್ನರ್ಧ.

ದಿಂಡಿಗೆ ಹೆಸರು ಕೊಡುವಾಗಲೇ ಅದರ ಮುಖ್ಯಸ್ಥರಾದ ದಿಂಡಿ ಮಹಾರಾಜರ ಹತ್ತಿರ ಕೇಳಿಬಿಡಿ: ಮಹಾರಾಜ್, ಟ್ರಕ್ಕು ಯಾವ ಊರಿಂದ ಹೊರಡುತ್ತದೆ, ಆಳಂದಿಯಲ್ಲಿ ಎಲ್ಲಿ ನಿಲ್ಲುತ್ತದೆ, ಯಾವತ್ತು ಬರುತ್ತದೆ, ಟ್ರಕ್ಕಿನ ಜೊತೆ ಇರುವವರ ಫೋನ್ ನಂಬರು ಯಾವುದು. ದಿಂಡಿ ಸಂಖ್ಯೆಯನ್ನೂ ಕೇಳಿ, ಆದರೆ ಬರೀ ಸಂಖ್ಯೆ ಸಾಲದು. ಪಾಲಕಿ ಇರುವ ರಥದ ಮುಂದಿನ ದಿಂಡಿಗಳಿಗೆ ಒಂದು ಲೆಕ್ಕ, ಹಿಂದಿನವಕ್ಕೆ ಬೇರೆ ಲೆಕ್ಕ. ಅಂದರೆ ರಥಾಪುಢೆ (ರಥದ ಮುಂದೆ) 12 ಬೇರೆ, ರಥಾಮಾಗೆ (ರಥದ ಹಿಂದೆ) 12 ಬೇರೆ. ತಪ್ಪಿದರೆ ಚೀಲ ಒಂದು ದಿಕ್ಕು, ನೀವು ಒಂದು ದಿಕ್ಕು.

ಇನ್ನು ಕಳಿಸುವ ದಾರಿಗಳು. ಎಲ್ಲಕ್ಕಿಂತ ಸುಲಭ ನಮ್ಮ ಕಡೆಯಿಂದಲೇ ಹೊರಡುವ ಟ್ರಕ್ಕು. ಬೆಳಗಾವಿ, ಚಿಕ್ಕೋಡಿ, ನಿಪ್ಪಾಣಿ ಕಡೆ ವಾರಕರಿಗಳು, ಅಂದರೆ ವಾರಿಗೆ ಹೋಗುವವರು, ಬಹಳ. ಅವರ ಟ್ರಕ್ಕು ಹೊರಡುವ ಹಿಂದಿನ ದಿನ ಚೀಲ ಅಲ್ಲಿಗೆ ಮುಟ್ಟಿಸಿದರೆ ಮುಗಿಯಿತು, ನೀವು ಕೈಬೀಸಿಕೊಂಡು ರೈಲು ಹತ್ತಬಹುದು. ಅಂದ ಹಾಗೆ ಪಾಲಕಿಯ ಜೊತೆ ನಡೆಯುವ ಮಾವುಲಿಯ (ಜ್ಞಾನೇಶ್ವರರನ್ನು ಹೀಗೆ, ಅಂದರೆ ತಾಯಿ ಅಂತ ಕರೆಯುತ್ತಾರೆ, ವಾರಿಯಲ್ಲಿ ಒಬ್ಬರನ್ನೊಬ್ಬರು ಕರೆಯುವುದೂ ಹೀಗೇ) ಕುದುರೆಗಳೂ ನಮ್ಮ ಬೆಳಗಾವಿ ಜಿಲ್ಲೆಯ ಅಂಕಲಿಯವು. ಶಿತೋಳೆ ಮನೆತನದವರು ಪ್ರತಿ ವರ್ಷ ಕಳಿಸಿಕೊಡುತ್ತಾರೆ. ಅವು ಅಂಕಲಿಯಿಂದ ಆಳಂದಿಗೆ ನಡೆದೇ ಹೋಗುತ್ತವೆ, ಪಾರ್ಸೆಲ್ ಆಫೀಸಿನ ಕಾಟ ಅವಕ್ಕಿಲ್ಲ.

ಟ್ರಕ್ಕು ಸಿಗದಿದ್ದರೆ ರೈಲು, ಅದೂ ಚೀಲ ನಿಮ್ಮ ಜೊತೆಗೇ. ಬೆಂಗಳೂರು, ರಾಯಚೂರು, ಕಲಬುರಗಿ ಕಡೆಯವರಿಗೆ ಉದ್ಯಾನ್ ಎಕ್ಸ್‌ಪ್ರೆಸ್ ನೇರ ಪುಣೆಗೆ ಹೋಗುತ್ತದೆ. ಹುಬ್ಬಳ್ಳಿ, ಬೆಳಗಾವಿಯವರಿಗೆ 2024ರಿಂದ ಪುಣೆ ವಂದೇ ಭಾರತ್ ಇದೆ, ದಿನಾ ಇಲ್ಲ, ದಿನ ನೋಡಿ ಬುಕ್ ಮಾಡಿ. ಸ್ಲೀಪರಿನಲ್ಲಿ ಒಬ್ಬರಿಗೆ 40 ಕೆ.ಜಿ.ವರೆಗೆ ಸಾಮಾನು ಉಚಿತ. ವಾರಿಗೆ ಅದರ ಕಾಲುಭಾಗವೂ ಬೇಡ. ಟಿಕೆಟ್ 60 ದಿನ ಮೊದಲು ತೆರೆಯುತ್ತದೆ, ಆದ್ದರಿಂದ ಪಂಚಾಂಗ ಹಿಡಿದು ಲೆಕ್ಕ ಹಾಕಿ. ಮಾವುಲಿಯ ಪಾಲಕಿ ಹೊರಡುವುದು ಜ್ಯೇಷ್ಠ ಬಹುಳ ಅಷ್ಟಮಿಗೆ. 2025ರಲ್ಲಿ ಅದು ಜೂನ್ 19ಕ್ಕೆ ಬಂದಿತ್ತು, ಆಷಾಢ ಏಕಾದಶಿ ಜುಲೈ 6ಕ್ಕೆ. 2026ರಲ್ಲಿ ಅಧಿಕ ಜ್ಯೇಷ್ಠ ಬರುವುದರಿಂದ ಎಲ್ಲವೂ ಜುಲೈಗೆ ಜಾರುತ್ತದೆ. ಹೋದ ವರ್ಷದ ತಾರೀಖು ನೋಡಿ ರಜೆ ಹಾಕಿದರೆ ಕೆಟ್ಟಿರಿ.

ಪುಣೆ ಸ್ಟೇಷನ್ನಿಂದ ಆಳಂದಿ ಇಪ್ಪತ್ತು ಚಿಲ್ಲರೆ ಕಿ.ಮೀ., ಸಿಟಿ ಬಸ್ಸುಗಳಿವೆ. ಆದರೆ ಪಾಲಕಿ ಹೊರಡುವ ಹೊತ್ತಿಗೆ ಹೊರಗಿನ ವಾಹನಗಳನ್ನು ಪೊಲೀಸರು ಊರೊಳಗೆ ಬಿಡುವುದಿಲ್ಲ. ಆಟೋದವರು ಎಲ್ಲೋ ಇಳಿಸಿ "ಇಲ್ಲಿಂದ ನಡೀರಿ ಮಾವುಲಿ" ಅಂತಾರೆ. ಆ ಕೊನೆಯ ಒಂದೆರಡು ಕಿ.ಮೀ. ಚೀಲ ನಿಮ್ಮ ಬೆನ್ನ ಮೇಲೇ. ಎರಡನೇ ವರ್ಷ ನಾನು ಬುದ್ಧಿವಂತನಂತೆ ಗಾಲಿ ಸೂಟ್‌ಕೇಸ್ ಎಳೆದುಕೊಂಡು ಹೋಗಿದ್ದೆ. ಕೆಸರು, ಕಲ್ಲು, ಕಾಲಿಡಲು ಜಾಗ ಇಲ್ಲದಷ್ಟು ಜನ. ತಲೆ ಮೇಲೆ ತುಳಸಿಕಟ್ಟೆ ಹೊತ್ತ ಒಬ್ಬ ಅಜ್ಜಿ ನನ್ನ ಗಾಲಿಗೆ ಎಡವಿದರು. ಬೈಯಲಿಲ್ಲ, "ಮಾವುಲಿ" ಅಂತ ನನಗೇ ಕೈಮುಗಿದು ಮುಂದೆ ಹೋದರು. ಅದಕ್ಕಿಂತ ಎರಡು ಬೈದಿದ್ದರೆ ಚೆನ್ನಾಗಿತ್ತು. ಹೀಗಾಗಿ ಹಿಂದಿನ ದಿನವೇ ಆಳಂದಿ ಸೇರಿಕೊಳ್ಳಿ, ಎರಡೂ ಹೆಗಲಿಗೆ ಹಾಕುವ ಚೀಲ ಇರಲಿ.

ಪಾರ್ಸೆಲ್ಲೇ ಮಾಡಬೇಕು ಅಂದರೆ ಒಂದೇ ನಿಯಮ: ಊರಿಗೆ ಕಳಿಸಬೇಡಿ, ಮನುಷ್ಯರಿಗೆ ಕಳಿಸಿ. ಪುಣೆಯಲ್ಲಿ ಕನ್ನಡದವರು ಕಡಿಮೆಯೇನಿಲ್ಲ, ನಿಮ್ಮ ದೊಡ್ಡಮ್ಮನ ಮಗನೋ ಹಳೆ ಸಹೋದ್ಯೋಗಿಯೋ ಯಾರೋ ಒಬ್ಬರು ಸಿಕ್ಕೇ ಸಿಗುತ್ತಾರೆ. ಅವರ ಮನೆಗೆ ಒಂದು ವಾರ ಮೊದಲೇ ಕಳಿಸಿ, ನೀವು ಹೋಗಿ ಎತ್ತಿಕೊಳ್ಳಿ. ಆಳಂದಿಯ ಧರ್ಮಶಾಲೆಗೆ ಕಳಿಸುವುದಾದರೆ ಮೊದಲು ಫೋನ್ ಮಾಡಿ, ತೆಗೆದುಕೊಳ್ಳುತ್ತೇವೆ ಅಂತ ಹೇಳಿದವರ ಹೆಸರನ್ನೇ ಮೇಲೆ ಬರೆಯಿರಿ. ಆ ವಾರದಲ್ಲಿ ಅಲ್ಲಿ ನೂರಾರು ಜನ ಇಳಿದಿರುತ್ತಾರೆ, ಹೆಸರಿಲ್ಲದ ಗಂಟನ್ನು ಯಾರು ನೋಡಿಕೊಳ್ಳುತ್ತಾರೆ ಹೇಳಿ.

ಏನೇ ಮಾಡಿದರೂ ಚೀಲ ತಡವಾಯಿತಾ? ಗಾಬರಿಯಾಗಬೇಡಿ, ಪುಣೆ ಇದೆ. ಪಾಲಕಿ ಹೊರಟ ದಿನ ರಾತ್ರಿ ಆಳಂದಿಯಲ್ಲೇ ತಂಗುತ್ತದೆ, ಮರುದಿನ ಪುಣೆಗೆ ಬಂದು ಎರಡು ರಾತ್ರಿ ನಿಲ್ಲುತ್ತದೆ. ಭವಾನಿ ಪೇಟೆಯ ಪಾಲಖಿ ವಿಠೋಬಾ ಗುಡಿಯಲ್ಲಿ ಪಾಲಕಿ ಇರುತ್ತದೆ, ದಿಂಡಿಗಳು ಸುತ್ತಮುತ್ತ ಶಾಲೆ, ಮಂಗಲ ಕಾರ್ಯಾಲಯ ಅಂತ ಚದುರಿರುತ್ತವೆ. ಟ್ರಕ್ಕಿನವರಿಗೆ ಫೋನ್ ಮಾಡಿ ಜಾಗ ಕೇಳಿ ಅಲ್ಲೇ ಚೀಲ ಸೇರಿಸಿ. ಇದು ಕೈ ತಪ್ಪಿದರೆ ಮುಂದೆ ದಿವೆ ಘಾಟ್ ಹತ್ತಿ ಸಾಸವಡಕ್ಕೆ ಮೂವತ್ತು ಕಿ.ಮೀ. ನಡಿಗೆ, ಆ ದಿನ ಚೀಲದ ಹಿಂದೆ ಓಡಾಡುವ ಶಕ್ತಿ ಯಾರಿಗೂ ಉಳಿದಿರುವುದಿಲ್ಲ.

ಚೀಲ ಹೇಗಿರಬೇಕು? ಮೆತ್ತಗಿನದು, 8-10 ಕೆ.ಜಿ. ಮೀರದ್ದು. ಟ್ರಕ್ಕಿನಲ್ಲಿ ನೂರು ಚೀಲ ಒಂದರ ಮೇಲೊಂದು ಬೀಳುತ್ತವೆ, ನಿಮ್ಮದು ತಳದಲ್ಲೇ ಇರುತ್ತದೆ ಅಂತ ತಿಳಿದುಕೊಂಡೇ ತುಂಬಿ. ಮಳೆಗಾಲ, ಆದ್ದರಿಂದ ಚೀಲದ ಒಳಗೆ ಇನ್ನೊಂದು ದಪ್ಪ ಪ್ಲಾಸ್ಟಿಕ್ ಚೀಲ, ಅದರೊಳಗೆ ಬಟ್ಟೆ. ಹೊರಗಿನ ಕವರು ನಂಬಿ ಕೂರಬೇಡಿ. ಎರಡು ಜೊತೆ ಬಟ್ಟೆ, ಚಾದರ, ಹಾಸಲು ತಾಡಪತ್ರಿ, ತಾಟು ಲೋಟ, ಟಾರ್ಚು, ಹಗ್ಗ. ಚಪ್ಪಲಿ ಇನ್ನೊಂದು ಜೊತೆ. ಸಾಕು.

ಚೀಲದ ಮೇಲಿನ ಹೆಸರಿನ ಚೀಟಿ ಮರಾಠಿಯಲ್ಲಿ ಬರೆಸಿ, ಕನ್ನಡ ಅಕ್ಷರ ಅಲ್ಲಿ ಓದುವವರಿಲ್ಲ. ಹೆಸರು, ಫೋನು, ದಿಂಡಿ ಸಂಖ್ಯೆ, ರಥಾಪುಢೆಯೋ ರಥಾಮಾಗೆಯೋ. ಒಂದು ಹೊರಗೆ, ಒಂದು ಒಳಗೆ. ಜೊತೆಗೆ ಒಂದು ಗುರುತು ಬೇಕೇ ಬೇಕು. ದಾರಿಯಲ್ಲಿ ಸಿಗುವ ಲೋಣಂದದಲ್ಲಿ ಒಂದು ಸಂಜೆ, ಜಿಟಿಜಿಟಿ ಮಳೆ, ಕತ್ತಲು, ಟ್ರಕ್ಕಿನ ಮೇಲೆ ಒಬ್ಬ ಹುಡುಗ ಬಾಯಲ್ಲಿ ಟಾರ್ಚು ಕಚ್ಚಿಕೊಂಡು ಚೀಲಗಳನ್ನು ಒಂದೊಂದಾಗಿ ಕೆಳಗೆ ಎಸೆಯುತ್ತಿದ್ದ. ಎಲ್ಲವೂ ಕಪ್ಪು, ಎಲ್ಲವೂ ಒದ್ದೆ. ಜನ ಬಗ್ಗಿ ಬಗ್ಗಿ ಜಿಪ್ಪು ತೆಗೆದು ನೋಡುತ್ತಿದ್ದರು. ನನ್ನದಕ್ಕೆ ಅವ್ವ ಹಳೆ ಕೌದಿಯ ಒಂದು ತುಂಡು ಹೊಲಿದಿದ್ದಳು, ಕೆಂಪು ಹಳದಿ ಚೌಕಳಿ. ಹುಡುಗ ಅದನ್ನು ಎತ್ತಿ ಹಿಡಿದು "ಕೌದಿ ಯಾರದು?" ಅಂತ ಕೂಗಿದ. ಆಮೇಲೆ ಪಂಢರಪುರದವರೆಗೂ ನನ್ನ ಹೆಸರೇ ಕೌದಿ.

ಟ್ರಕ್ಕು ಬೆಳಗಿನ ಜಾವ ಕತ್ತಲಲ್ಲೇ ಚೀಲ ತುಂಬಿಕೊಂಡು ಮುಂದೆ ಹೋಗುತ್ತದೆ, ಮತ್ತೆ ಸಿಗುವುದು ಸಂಜೆ ಬಿಡಾರದಲ್ಲೇ. ಹಾಗಾಗಿ ಮಾತ್ರೆ, ದುಡ್ಡು, ಆಧಾರ್, ಫೋನು, ಚಾರ್ಜರು, ರೈನ್‌ಕೋಟು, ನೀರು ಹೆಗಲ ಚೀಲದಲ್ಲೇ ಇರಲಿ. ಬಿಪಿ ಮಾತ್ರೆಯನ್ನು ಟ್ರಕ್ಕಿಗೆ ಹಾಕಿ ಮಧ್ಯಾಹ್ನ ತಲೆ ಹಿಡಿದುಕೊಂಡು ಕೂತವರು ಪ್ರತಿ ವರ್ಷ ಒಬ್ಬರಾದರೂ ಇರುತ್ತಾರೆ.

ವಾಪಸ್ ಬರುವ ಲೆಕ್ಕವನ್ನೂ ಮೊದಲೇ ಹಾಕಿಕೊಳ್ಳಿ. ಏಕಾದಶಿ ಮುಗಿದ ಕೂಡಲೇ ಹೊರಡುವವರಾದರೆ ಪಂಢರಪುರಕ್ಕೆ ಮೊದಲಿನ ಕೊನೆಯ ಬಿಡಾರವಾದ ವಾಖರಿಯಲ್ಲೇ ಟ್ರಕ್ಕಿನವರಿಗೆ ಹೇಳಿ, ಪಂಢರಪುರದಲ್ಲಿ ದಿಂಡಿ ಇಳಿಯುವ ಮಠ ಯಾವುದು ಅಂತ ಕೇಳಿ ಬರೆದಿಟ್ಟುಕೊಳ್ಳಿ. ಪಂಢರಪುರದಿಂದ ಗೋಲಗುಂಬಜ್ ಎಕ್ಸ್‌ಪ್ರೆಸ್ ವಿಜಯಪುರ, ಬಾಗಲಕೋಟೆ, ಹುಬ್ಬಳ್ಳಿ ಮೇಲೆ ಬೆಂಗಳೂರು, ಮೈಸೂರಿಗೆ ಬರುತ್ತದೆ. ಅದರ ಟಿಕೆಟ್ಟನ್ನೂ ಹೋಗುವ ಟಿಕೆಟ್ ಮಾಡಿಸುವಾಗಲೇ ನೆನಪಿಟ್ಟುಕೊಳ್ಳಿ, ಆ ವಾರ ಸೀಟು ಉಳಿಯುವುದಿಲ್ಲ.