ಮನೆಯ ಒಲೆಯ ಮೇಲೆಯೇ ಬಿರಿದ ಚಾರ್ ಸಿಯು ಬಾವ್

ಸಿಂಗಪುರದ ಕಾಫಿ-ತಿಂಡಿ ಅಂಗಡಿಗಳಾದ ಕೊಪಿಟಿಯಾಮ್‌ಗಳಲ್ಲಿ ಒಂದೂವರೆ ಡಾಲರಿನ ಆಸುಪಾಸಿಗೆ ಸಿಗುವ ಚಾರ್ ಸಿಯು ಬಾವ್ ಅನ್ನು, ಅಂದರೆ ಸುಟ್ಟ ಹಂದಿಮಾಂಸದ ಹೂರಣ ತುಂಬಿ ಹಬೆಯಲ್ಲಿ ಬೇಯಿಸಿದ ಚೀನೀ ಬನ್ನನ್ನು, ಮನೆಯಲ್ಲೇ ಮಾಡುತ್ತೇನೆಂದಾಗ ಇಲ್ಲಿನ ಗೆಳೆಯರು ನಂಬಲಿಲ್ಲ. ನೆತ್ತಿ ನಯವಾಗಿ ಮುಚ್ಚಿಕೊಂಡಿರುವ ಬಾವ್ ಯಾರ ಕೈಗಾದರೂ ಒಲಿಯುತ್ತದೆ. ಆದರೆ ದಕ್ಷಿಣ ಚೀನಾದ ಕ್ಯಾಂಟನ್ ರೀತಿಯಲ್ಲಿ ನೆತ್ತಿ ಮೂರು ಹೋಳಾಗಿ ಬಿರಿದು ಒಳಗಿನ ಕೆಂಪು ಹೂರಣ ಇಣುಕಬೇಕಾದರೆ ಅಂಗಡಿಯ ದೊಡ್ಡ ಹಬೆಪೆಟ್ಟಿಗೆಯೇ ಬೇಕೆಂಬುದು ಅವರ ವಾದವಾಗಿತ್ತು. ಈಗ ನನ್ನ ಒಲೆಯ ಮೇಲೆ ಹತ್ತರಲ್ಲಿ ಏಳೆಂಟಾದರೂ ಬಿರಿಯುತ್ತವೆ. ವಾದ ಮಾಡಿದವರೇ ಡಬ್ಬಿ ಹಿಡಿದುಕೊಂಡು ಬರುತ್ತಾರೆ.

ಹಿಟ್ಟಿಗಿಂತ ಮಾಂಸಕ್ಕೇ ಹೆಚ್ಚು ದುಡ್ಡು ಹೋಯಿತು. ಹಂದಿಯ ಭುಜದ ಮಾಂಸಕ್ಕೆ ಮಾಲ್ಟೋಸ್ ಎಂಬ ಅಂಟು ಸಿಹಿಪಾಕ ಸವರಿ, ಓವನ್ನಿನಲ್ಲಿ ಸುಟ್ಟು, ಸಣ್ಣಗೆ ಕೊಚ್ಚಿ, ಆಯಿಸ್ಟರ್ ಸಾಸಿನ ಗಟ್ಟಿ ಗ್ರೇವಿಯಲ್ಲಿ ಕಲಸಿಟ್ಟ ಹೂರಣವು ರಬ್ಬರಿನಂಥ ಕಣಕದೊಳಗೆ ಸಿಕ್ಕಿ ಹಾಳಾದಾಗಲೆಲ್ಲ ಹದಿನೈದು ಇಪ್ಪತ್ತು ಡಾಲರ್ ನೀರಿಗೆ ಬಿದ್ದಂತಾಗುತ್ತಿತ್ತು. ಆಮೇಲೆ ಕಣಕದ ಹದ ಸಿಗುವವರೆಗೂ ಬೇಯಿಸಿದ ಆಲೂಗಡ್ಡೆಯನ್ನೇ ಹೂರಣವಾಗಿಟ್ಟು ನೋಡಿದೆ. ಲಿಟ್ಲ್ ಇಂಡಿಯಾದಿಂದ ತಂದ ಮೈದಾ ಎಷ್ಟು ಸಲ ನಾದಿದರೂ ಎಳೆಯೆಳೆಯಾಗಿಯೇ ಉಳಿಯಿತು. ಹಾಂಗ್‌ಕಾಂಗ್ ಹಿಟ್ಟು ಎಂಬ ಹೆಸರಿನಲ್ಲಿ ಮಾರುವ, ಪ್ರೋಟೀನ್ ಕಡಿಮೆಯಿರುವ ಬಿಳಿಯ ಹಿಟ್ಟಿಗೆ ಬದಲಾಯಿಸಿದ ಮೇಲೆಯೇ ಅರ್ಧ ಕೆಲಸ ಮುಗಿಯಿತು.

ಉಳಿದರ್ಧ ಹುದುಗಿನದು. ಸುಮಾರು 200 ಗ್ರಾಂ ಹಿಟ್ಟಿಗೆ ಚಿಟಿಕೆ ಯೀಸ್ಟ್ ಹಾಕಿ ರಾತ್ರಿಯಿಡೀ ಹುಳಿಯಲು ಬಿಡುತ್ತೇನೆ. ಇಲ್ಲಿನ ಸೆಕೆಯಲ್ಲಿ ಬೆಳಗಾಗುವುದರೊಳಗೆ ಅದು ಮೂಗಿಗೆ ಹೊಡೆಯುವಷ್ಟು ಹುಳಿಯುತ್ತದೆ. ಅದಕ್ಕೆ 70–80 ಗ್ರಾಂ ಸಕ್ಕರೆ, ಇನ್ನೂ 100 ಗ್ರಾಂ ಹಿಟ್ಟು, ಎರಡು ಚಮಚ ಬೇಕಿಂಗ್ ಪೌಡರ್ ಮತ್ತು ಕಾಲು ಚಮಚಕ್ಕೂ ಕಡಿಮೆ ಅಮೋನಿಯಂ ಬೈಕಾರ್ಬೊನೇಟ್ (ಬಿಸಿಗೆ ಅನಿಲವಾಗಿ ಹಿಟ್ಟನ್ನು ಉಬ್ಬಿಸುವ ಪುಡಿ) ಬೀಳುತ್ತವೆ. ಈ ಕೊನೆಯದನ್ನು ಒಂದು ಹನಿ ನೀರಿನಲ್ಲಿ ಪೂರ್ತಿ ಕರಗಿಸಿಯೇ ಸೇರಿಸಬೇಕು. ಹುಳಿ ಮುರಿಯಲು ಕ್ಷಾರದ ನೀರನ್ನೂ ಹಾಕಿ ನೋಡಿದೆ, ಆದರೆ ತುಸು ಹೆಚ್ಚಾದರೂ ಕಣಕ ಹಳದಿಗೆ ತಿರುಗುವುದರಿಂದ ಈಗ ಹನಿ ಲೆಕ್ಕದಲ್ಲಿ ಬಳಸುತ್ತೇನೆ. ಹಿಟ್ಟಿಗೆ ಸೇರಿಸುವ ಕೊಬ್ಬು ಯಾವುದು, ಯಾವ ಹಂತದಲ್ಲಿ ಎಂಬುದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ವಿದ್ಯುತ್ ಸ್ಟೀಮರನ್ನು ನಾನು ಯಾರಿಗೂ ಶಿಫಾರಸು ಮಾಡುವುದಿಲ್ಲ. ಅಗಲವಾದ ಬಾಣಲೆಯಲ್ಲಿ ನೀರು ಕೊತಕೊತನೆ ಕುದಿಯತೊಡಗಿದ ಮೇಲೆ, ನೆರಿಗೆಯನ್ನು ಬಿಗಿಯಾಗಿ ಮುಚ್ಚದೆ ಮೇಲ್ಮುಖವಾಗಿ ಬಿಟ್ಟ ನಾಲ್ಕೇ ಬಾವ್‌ಗಳನ್ನು ಬಿದಿರಿನ ಬುಟ್ಟಿಯಲ್ಲಿಟ್ಟು, ಪೂರ್ಣ ಉರಿಯಲ್ಲಿ ಹತ್ತು ಹನ್ನೆರಡು ನಿಮಿಷ ಬೇಯಿಸಬೇಕು. ಆರು ಇಟ್ಟರೆ ಹಬೆಯ ಒತ್ತಡ ಸಾಲದೆ ನೆತ್ತಿ ಬರೀ ಉಬ್ಬುತ್ತದೆ, ಬಿರಿಯುವುದಿಲ್ಲ. ಇಳಿಸಿದೊಡನೆ ಮುಚ್ಚಳ ಓರೆ ಮಾಡಿಟ್ಟರೆ ಅಮೋನಿಯಾದ ಘಾಟು ಹೋಗುತ್ತದೆ.

ಹದ ಕೈಗೆ ಹತ್ತಿದ ಮೇಲೆ ಕೊಡಗಿನಿಂದ ತರಿಸಿದ ಕಾಚಂಪುಳಿ ಎಂಬ ಕಪ್ಪು ಹುಳಿರಸ ಹಾಕಿ ಮಾಡಿದ ಪಂದಿಕರಿಯನ್ನೂ (ಕೊಡವರ ಹಂದಿಮಾಂಸದ ಸಾರು) ತುಂಬಿ ನೋಡಿದೆ. ರುಚಿಗೆ ಎರಡು ಮಾತಿಲ್ಲ. ಆದರೆ ಅದರ ಎಣ್ಣೆ ಬಿಸಿಯಾಗಿ ಕಣಕದ ತಳವನ್ನು ತೋಯಿಸಿ, ಎತ್ತಿದಾಗ ಅಡಿಯೇ ಕಳಚಿಬಂತು. ಕರಿಯನ್ನು ರಾತ್ರಿ ಫ್ರಿಜ್ಜಿನಲ್ಲಿಟ್ಟು, ಹೆಪ್ಪುಗಟ್ಟಿದ ಕೊಬ್ಬನ್ನು ಮೇಲಿನಿಂದ ತೆಗೆದು, ಉಳಿದದ್ದನ್ನು ಬಾಣಲೆಯಲ್ಲಿ ಒಣಗುವವರೆಗೆ ಕೆದಕಿದರೆ ತಳ ನಿಲ್ಲುತ್ತದೆ. ಮಾಂಸ, ಗ್ಯಾಸು ಎಲ್ಲವನ್ನೂ ಲೆಕ್ಕ ಹಾಕಿದರೆ ಒಂದಕ್ಕೆ ಎಪ್ಪತ್ತು ಎಂಬತ್ತು ಸೆಂಟ್ ಬೀಳುತ್ತದೆ. ಪಂದಿಕರಿಯದಕ್ಕೆ ಅದರ ಎರಡರಷ್ಟು, ಕಾಚಂಪುಳಿಯ ಅಂಚೆ ಖರ್ಚನ್ನು ಬಿಟ್ಟು.