ಕಟಾವು ಮಷಿನ್ ಕರೆಸುವ ಮುಂಚೆ ಗದ್ದೆಗೆ ಒಂದು ಸುತ್ತು ಹಾಕಿ

ಕುಣಿಗಲ್ ತಾಲ್ಲೂಕಿನ ಅಮೃತೂರು ಕಡೆ, ಮಾರ್ಕೋನಹಳ್ಳಿ ಡ್ಯಾಮಿನ ಕಾಲುವೆ ಕೆಳಗೆ ನಮ್ಮದು ಒಂದೂವರೆ ಎಕರೆ ಗದ್ದೆ. ಅದೂ ಒಂದೇ ತಟ್ಟಿನಲ್ಲಿಲ್ಲ, ಒಂಬತ್ತು ಮಡಿ. ಭತ್ತ ಕುಯ್ದು ಅಲ್ಲೇ ಒಕ್ಕುವ ಮಷಿನ್ ಕರೆಸೋಣ ಎಂದು ನಾನು ಮೊದಲು ಬಾಯಿ ಬಿಟ್ಟಾಗ ಅತ್ತೆ ದುಡ್ಡಿನ ಮಾತೇ ಎತ್ತಲಿಲ್ಲ. "ಹಸುಗಳಿಗೆ ಏನು ಹಾಕ್ತೀಯಾ, ಮಷಿನ್ ಹೊಗೆನಾ?" ಅಂದರು.

ಹೀಗೆ ಕೇಳುವವರನ್ನು ಹಳೇ ಕಾಲದವರು ಎಂದು ತಳ್ಳಿಹಾಕಬೇಡಿ. ಮನೇಲಿ ಎರಡು ಹಸು ಇರುವವರಿಗೆ ಭತ್ತದಷ್ಟೇ ಹುಲ್ಲೂ ಮುಖ್ಯ. ಹುಲ್ಲಿನ ಮಾತಿಗೆ ಆಮೇಲೆ ಬರುತ್ತೇನೆ.

ಮೊದಲ ಕೆಲಸ ಪಕ್ಕದ ಗದ್ದೆಯವರನ್ನು ಮಾತಾಡಿಸುವುದು, ಅದೂ ನಾಟಿಗೆ ಮುಂಚೆಯೇ. ನಮ್ಮ ಕಡೆ ಒಬ್ಬರ ಗದ್ದೆ ದಾಟದೆ ಇನ್ನೊಬ್ಬರ ಗದ್ದೆಗೆ ಗಾಡಿ ಇಳಿಯುವುದಿಲ್ಲ. ರಸ್ತೆ ಪಕ್ಕದವರು ಐದು ತಿಂಗಳ ತಳಿ ಹಾಕಿ, ನೀವು ನಾಲ್ಕು ತಿಂಗಳದ್ದು ಹಾಕಿದರೆ ಮುಗೀತು. ನಿಮ್ಮ ಭತ್ತ ಉದುರುತ್ತಿದ್ದರೂ ಅವರ ಹಸಿರು ಪೈರಿನ ಮುಂದೆ ಗಾಡಿ ನಿಂತಿರುತ್ತದೆ. ಮೊದಲ ವರ್ಷ ನಮಗೆ ಹೀಗೇ ಆಯಿತು. ಎಂಟು ದಿನ ಕಾದೆವು, ದಿನಾ ಡಿಸೆಂಬರ್ ಮೋಡ ನೋಡುತ್ತಾ. ಈಗ ನಾಲ್ಕು ಮನೆಯವರು ಒಂದೇ ತಳಿ, ಒಂದೇ ವಾರದಲ್ಲಿ ನಾಟಿ.

ಕುಯ್ಲಿಗೆ 10 ದಿನ ಇರುವಾಗ ನೀರು ನಿಲ್ಲಿಸಿ, ಬದು ಕಡಿದು ಮಡಿಯ ನೀರು ಬಸಿಯಿರಿ. ಮಷಿನ್ ಕರೆಸುವ ಮುಂಚೆ ಹಿಮ್ಮಡಿ ಊರಿ ಒತ್ತಿ ನೋಡಿ. ನೀರು ಜಿನುಗಿದರೆ ಇನ್ನೂ ಎರಡು ದಿನ ತಾಳಿ. ನೆಲ ಸ್ವಲ್ಪ ಮೆತ್ತಗಿದ್ದರೆ ಟೈರ್ ಬದಲು ಚೈನ್ ಪಟ್ಟಿ ಮೇಲೆ ಓಡುವ ಚೈನ್ ಗಾಡಿಯೇ ಬೇಕು, ಟೈರ್ ಗಾಡಿ ಹೂತುಕೊಳ್ಳುತ್ತದೆ. ಹಿಂದಿನ ದಿನ ಮೂಲೆಗಳನ್ನು ಕುಡುಗೋಲಿನಲ್ಲಿ ಕುಯ್ದಿಡಿ. ಗೂಟ, ಕಲ್ಲು, ತಂತಿ ಇದ್ದರೆ ಕಿತ್ತುಹಾಕಿ. ಗಾಡಿ ತಿರುಗಲು ಒದ್ದಾಡುವ ಹೊತ್ತೂ ನಿಮ್ಮ ಲೆಕ್ಕಕ್ಕೇ ಬರುತ್ತದೆ ಅಲ್ವಾ?

ಬಾಡಿಗೆ ಗಂಟೆ ಲೆಕ್ಕದಲ್ಲಿ. ಗಂಟೆಗೆ ಎಷ್ಟು ಎಂದು ಎಲ್ಲರೂ ಕೇಳುತ್ತಾರೆ, ಯಾವಾಗಿನಿಂದ ಎಂದು ಕೇಳುವುದು ಮರೆಯುತ್ತಾರೆ. ಪೈರಿಗೆ ಬಾಯಿ ಹಾಕಿದ ಹೊತ್ತಿನಿಂದ ಎಂದು ಮೊದಲೇ ಮಾತಾಡಿಕೊಳ್ಳಿ. ಪೈರು ಮಲಗಿದ್ದರೆ ಹೊತ್ತು ಜಾಸ್ತಿ ಹಿಡಿಯುತ್ತದೆ, ಅದನ್ನೂ ಮುಚ್ಚಿಡಬೇಡಿ. ಯಂತ್ರಗಳನ್ನು ಬಾಡಿಗೆಗೆ ಕೊಡುವ ಹೋಬಳಿಯ ಕೃಷಿ ಯಂತ್ರಧಾರೆ ಕೇಂದ್ರದಲ್ಲಿ ಕಟಾವು ಮಷಿನ್ ಇದೆಯಾ ಎಂದೂ ವಿಚಾರಿಸಿ. ನಮ್ಮಲ್ಲಿ ಹೊತ್ತು ನೋಡುವುದು ಅತ್ತೆಯ ಕೆಲಸ. ಡ್ರೈವರ್ ಟೀ ಕುಡಿದ ಹತ್ತು ನಿಮಿಷವನ್ನೂ ಬಿಡದೆ ಲೆಕ್ಕದಿಂದ ಕಳೆಯುತ್ತಾರೆ.

ಇಬ್ಬನಿ ಆರುವವರೆಗೆ ಶುರು ಮಾಡಿಸಬೇಡಿ. ಮೊದಲ ಸುತ್ತು ಮುಗಿದ ಕೂಡಲೇ ಗಾಡಿಯ ಹಿಂದೆ ಹೋಗಿ ಹುಲ್ಲು ಕೊಡವಿ ನೋಡಿ. ಗಟ್ಟಿ ಕಾಳು ಉದುರಿದರೆ ನಿಧಾನ ಓಡಿಸಲು, ಮಷಿನ್ ಒಳಗೆ ಜೊಳ್ಳು ತೂರುವ ಗಾಳಿ ಕಡಿಮೆ ಮಾಡಲು ಹೇಳಿ. ಜೊಳ್ಳು ಮಾತ್ರ ಬಿದ್ದಿದ್ದರೆ ಸುಮ್ನಿರಿ.

ಮಷಿನ್ ಭತ್ತದಲ್ಲಿ ಹಸಿ ಜಾಸ್ತಿ, ನೂರಕ್ಕೆ 20ರ ಮೇಲೂ ಇರಬಹುದು. ರಾತ್ರಿಯಿಡೀ ರಾಶಿಯಲ್ಲಿ ಬಿಟ್ಟರೆ ಒಳಗೆ ಬಿಸಿಯಾಗಿ ಅಕ್ಕಿ ಬಣ್ಣ ಕೆಡುತ್ತದೆ. ಅವತ್ತೇ ಟಾರ್ಪಾಲ್ ಮೇಲೆ ತೆಳುವಾಗಿ ಹರಡಿ. ಬೆಂಬಲ ಬೆಲೆಗೆ ಕೊಡುವುದಾದರೆ ತೇವ 17 ಮೀರಬಾರದು. ಮನೇಲಿ ಇಡುವುದಾದರೆ 14ಕ್ಕಿಂತ ಕೆಳಗಿಳಿಸಿ.

ಈಗ ಹುಲ್ಲು. ಆದಷ್ಟು ಬುಡಕ್ಕೆ ಕುಯ್ಯಿಸಿ. ಎತ್ತರಕ್ಕೆ ಕುಯ್ದರೆ ಅರ್ಧ ಹುಲ್ಲು ಕೂಳೆಯಲ್ಲೇ ಉಳಿಯುತ್ತದೆ. ಸಾಲಾಗಿ ಬಿದ್ದದ್ದನ್ನು ಎರಡು ಮೂರು ದಿನ ಬಿಸಿಲಿಗೆ ಬಿಟ್ಟು, ಒಮ್ಮೆ ಮಗುಚಿ, ಉಂಡೆ ಕಟ್ಟುವ ಮಷಿನ್‌ನಿಂದ ಕಟ್ಟಿಸಿ. ಇಬ್ಬನಿ ಹಸಿಯಲ್ಲಿ ಕಟ್ಟಿಸಿದ ಉಂಡೆ ಒಳಗೆ ಬೂಸ್ಟು ಹಿಡಿಯುತ್ತದೆ. ನುರಿದ ಹುಲ್ಲಿನಲ್ಲಿ ಒಳ್ಳೆಯ ಮೆದೆ ಒಟ್ಟಲು ಆಗುವುದಿಲ್ಲ, ಅದಂತೂ ನಿಜ.

ಅದಕ್ಕೇ ಗಾಡಿ ಇಳಿಯದ ಮೇಲಿನ ಎರಡು ಮಡಿಯನ್ನು ಈಗಲೂ ಕೈಯಲ್ಲೇ ಕುಯ್ಯುತ್ತೇವೆ. ಎರಡೇ ಮಡಿಗಾದರೆ ಮುಯ್ಯಾಳು, ಅಂದರೆ ಕೂಲಿಯ ಬದಲು ಕೆಲಸಕ್ಕೆ ಕೆಲಸ ಮಾಡಿಕೊಡುವವರು, ಸಿಗುತ್ತಾರೆ. ಅದರ ಉದ್ದ ಹುಲ್ಲು ಮೆದೆಗೆ. ಭತ್ತ ಬಿತ್ತನೆಗೆ, ಏಕೆಂದರೆ ಮಷಿನ್ ಹೊಟ್ಟೆಯಲ್ಲಿ ಹಿಂದಿನ ಊರಿನ ಭತ್ತ, ಕಳೆಬೀಜ ಎಲ್ಲಾ ಉಳಿದಿರುತ್ತದೆ. ಮೊದಲ ವರ್ಷ ಮಷಿನ್ ಭತ್ತವನ್ನೇ ಬೀಜಕ್ಕೆ ಇಟ್ಟು, ಮುಂದಿನ ಸಲ ಸಣ್ಣ ಭತ್ತದ ಗದ್ದೆಯಲ್ಲಿ ದಪ್ಪ ತೆನೆ ಆರಿಸಿ ಕೀಳುತ್ತಾ ಕೂತಿದ್ದೆ.